ಐದು ಗುಂಡಿಗಳ ಹಲಗೆ

ಚಿಕ್ಕೋಡಿ
12 ಜೂನ್ 1995

ಪೂಜ್ಯ ಆಬಾಸಾಹೇಬ ಮಾಸ್ತರರಿಗೆ ಮಂಗಲಳ ನಮಸ್ಕಾರ.

ಕ್ಲಾಸು ಮುಚ್ಚಿ ಸತ್ತಿ ಊರಿಗೆ ಹೋದ ಮೇಲೆ ಮಾಸ್ತರರು ಯಾರನ್ನೂ ನೆನೆಯುವುದಿಲ್ಲ ಎಂದು ನಿಪ್ಪಾಣಿಯಲ್ಲಿ ಮಾತು. ನಾನು ನಂಬಿಲ್ಲ. ಹತ್ತು ವರ್ಷದ ಹಿಂದೆ ನಿಮ್ಮ ಟೈಪಿಂಗ್ ಕ್ಲಾಸಿನಲ್ಲಿ ಕೀಗಳ ಮೇಲೆ ಧೋತರದ ತುಂಡು ಹೊದಿಸಿ, "ಕಣ್ಣ ಮುಚ್ಚ, ಬೆರಳಿಗೆ ದಾರಿ ಗೊತ್ತೈತಿ" ಎಂದು ನೀವು ಕಲಿಸಿದ ಹುಡುಗಿ ನಾನು.

ವಿರುಪಾಕ್ಷಪ್ಪ ವಕೀಲರ ಆಫೀಸಿನಲ್ಲಿ ನನಗಿದು ಏಳನೆಯ ವರ್ಷ. ದಾವೆ, ಕರಾರು, ಖರೀದಿ ಪತ್ರ ಎಲ್ಲವೂ ನನ್ನ ಕೈಮೇಲೆಯೇ ಹೋಗುತ್ತವೆ. ಅವ್ವ ಈಗ ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುವುದಿಲ್ಲ. ನಮ್ಮ ಓಣಿಯಲ್ಲಿ ತಿಂಗಳ ಪಗಾರ ತರುವ ಹೆಂಗಸು ತನ್ನ ಮಗಳೊಬ್ಬಳೇ ಎಂದು ನಳದ ಹತ್ತಿರ ದಿನಕ್ಕೆ ಎರಡು ಸಲ ಹೇಳಿ ಬರುತ್ತಾಳೆ.

ಈ ಪತ್ರವನ್ನು ಬೆಳಕಿಗೆ ಹಿಡಿದು ನೋಡಿ. ಎಡಗೈಯ ಕಿರುಬೆರಳು, ಉಂಗುರಬೆರಳು ಹೊಡೆಯುವ ಅಕ್ಷರಗಳೆಲ್ಲ ಮಬ್ಬಾಗಿ ಬಿದ್ದಿವೆ. ಹೋದ ವಾರ ಇದೇ ಕಾರಣಕ್ಕೆ ಒಂದು ದಾವೆಯನ್ನು ಮತ್ತೆ ಟೈಪ್ ಮಾಡಬೇಕಾಯಿತು. ವಕೀಲರು, "ಏನ ಮಂಗಲಾ, ಮಷಿನ್ನಿಗೆ ವಯಸ್ಸಾತೇನ?" ಎಂದರು. ರಿಬ್ಬನ್ ಬದಲಿಸಿದೆ, ಎಣ್ಣೆ ಬಿಟ್ಟೆ, ಪ್ರಯೋಜನವಾಗಲಿಲ್ಲ. ಕಾಗದ ನೋಡಿಯೇ ಮಷಿನ್ನಿನ ಕಾಯಿಲೆ ಹೇಳುತ್ತಿದ್ದಿರಿ ನೀವು. ಈಗಲೂ ಹೇಳಿ.

ನಿಮ್ಮ ವಿದ್ಯಾರ್ಥಿನಿ
ಮಂಗಲ

*

ಸತ್ತಿ
21 ಜೂನ್ 1995

ಮಂಗಲಾ,

ಮರೆಯುವುದೆಂದರೇನು! ಒಂದು ವರ್ಷ ನನ್ನ ತಲೆ ತಿಂದವಳನ್ನು ಮರೆಯಲು ನನಗೇನು ಅರಳುಮರಳೇ? ಕ್ಲಾಸು ಮುಚ್ಚಿ ತಂಗಿ ಸೋನಾಬಾಯಿಯ ಮನೆಗೆ ಬಂದೆನೇ ಹೊರತು ಸನ್ಯಾಸ ತೆಗೆದುಕೊಂಡಿಲ್ಲ. ನಿಪ್ಪಾಣಿಯ ಮಂದಿಗೆ ತಂಬಾಕು ಬಿಟ್ಟರೆ ಉಳಿದದ್ದು ಬಾಯಿಚಪಲ.

ಇಲ್ಲಿ ಊಟವಾದ ಮೇಲೆ ಬೇವಿನ ಕೆಳಗೆ ಹೊರಸಿನ ಮೇಲೆ ಅಡ್ಡಾಗುತ್ತೇನೆ. ಎಚ್ಚರವೋ ನಿದ್ದೆಯೋ ತಿಳಿಯದ ಒಂದು ಹೊತ್ತು ಬರುತ್ತದೆ. ನಿನ್ನೆ ಆ ಹೊತ್ತಿನಲ್ಲಿ ನಮ್ಮ ಕ್ಲಾಸಿನ ಹದಿನಾಲ್ಕು ಮಷಿನ್ನುಗಳೂ ಕೃಷ್ಣೆಯ ತಳದಲ್ಲಿ ಸಾಲಾಗಿ ಕೂತಿದ್ದವು. ನೀರು ತಿಳಿಯಾಗಿತ್ತು. ಮೀನುಗಳು ಬಂದು ಕೀ ಒತ್ತುತ್ತಿದ್ದವು, ಸದ್ದೇ ಇಲ್ಲ. ಅಕ್ಷರಗಳು ಕಾಗದ ಬಿಟ್ಟು ಒಂದೊಂದಾಗಿ ಮೇಲೆ ತೇಲಿ ಬರುತ್ತಿದ್ದವು. ನಾನು ದಂಡೆಯ ಮೇಲೆ ನಿಂತು ಓದುತ್ತಿದ್ದೆ. ಅಷ್ಟರಲ್ಲಿ ಸೋನಾಬಾಯಿ, "ಏಳೋ ಅಣ್ಣಾ, ಬಿಸಲ ಕಾಲಿಗೆ ಬಂತು" ಎಂದು ಎಬ್ಬಿಸಿದಳು. ಏನು ಓದಿದೆನೆಂಬುದು ನೆನಪಾಗಲಿಲ್ಲ, ಸಿಟ್ಟು ಬಂತು.

ನಿನ್ನ ಕಾಗದ ನೋಡಿದೆ. ಸ್ಪ್ರಿಂಗ್ ಸೋತಿವೆ, ಇನ್ನೇನೂ ಅಲ್ಲ. ಎಂಟು ಹೊಸ ಸ್ಪ್ರಿಂಗನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದೇನೆ. ಹಳೆಯವನ್ನು ನನಗೆ ಕಳಿಸು. ನಿನ್ನ ವಕೀಲರಿಗೆ ಹೇಳು, ಮಷಿನ್ನಿಗೆ ವಯಸ್ಸಾಗುವುದಿಲ್ಲ, ಅದನ್ನು ನೋಡಿಕೊಳ್ಳುವವರಿಗೆ ಆಗುತ್ತದೆ ಎಂದು.

ಆಶೀರ್ವಾದಗಳೊಂದಿಗೆ
ಆಬಾಸಾಹೇಬ

*

ಚಿಕ್ಕೋಡಿ
9 ಸೆಪ್ಟೆಂಬರ್ 1995

ಮಾಸ್ತರ,

ಬೆಂಕಿಪೆಟ್ಟಿಗೆ ಬಂದ ದಿನ ನನಗೆ ಹಬ್ಬವಾಗಿತ್ತು. ಸ್ಪ್ರಿಂಗ್ ಹಾಕಿದ ಹದಿನೈದು ದಿನ ಅಕ್ಷರಗಳು ಕಪ್ಪಗೆ, ಲಕ್ಷಣವಾಗಿ ಬಿದ್ದವು. ಈಗ ಮತ್ತೆ ಮೊದಲಿನ ಹಾಗೆಯೇ ಆಗಿವೆ. ಆ ಎರಡು ಬೆರಳಿಗೆ ಭುಜದಿಂದಲೇ ಬಲ ಕೊಟ್ಟು ಹೊಡೆಯುತ್ತೇನೆ. ಸಂಜೆ ಕೈ ಎತ್ತಲು ಬರುವುದಿಲ್ಲ.

ನೀವು ಕನಸು ಬರೆದಿರೆಂದು ನಾನೂ ಬರೆಯುತ್ತೇನೆ. ಮೊನ್ನೆ ಊಟದ ಬಿಡುವಿನಲ್ಲಿ ಟೇಬಲ್ಲಿನ ಮೇಲೆ ತಲೆಯಿಟ್ಟಿದ್ದೆ. ಕೋರ್ಟಿನ ಮೆಟ್ಟಿಲುಗಳೆಲ್ಲ ಕೀಗಳಾಗಿದ್ದವು. ಕಾಲಿಟ್ಟರೆ ಒಂದೊಂದೂ ತುಸು ಕುಸಿದು ಮತ್ತೆ ಮೇಲೇಳುತ್ತಿತ್ತು, ಹಿತವಾಗಿತ್ತು. ನಡುವೆ ಎರಡು ಮೆಟ್ಟಿಲು ಮಾತ್ರ ಅರಳೆಯ ಹಾಗೆ. ಕಾಲಿಟ್ಟೆನೋ ಇಲ್ಲವೋ ತಿಳಿಯದು. ಅಲ್ಲಿಯೇ ನಿಂತುಬಿಟ್ಟೆ. ಹಿಂದಿನಿಂದ ಕಕ್ಷಿದಾರರು, "ನಡೀರಿ, ನಡೀರಿ" ಎನ್ನುತ್ತಿದ್ದರು. ಎಚ್ಚರವಾದಾಗ ಗುಮಾಸ್ತ ಜ್ಞಾನದೇವ, "ನಿದ್ದಿಯೊಳಗೂ ಟೈಪ್ ಮಾಡತೀಯಲ್ಲ, ಅದಕ್ಕೂ ಪಗಾರ ಕೇಳ" ಎಂದು ನಗುತ್ತಿದ್ದ.

ಹಳೆಯ ಸ್ಪ್ರಿಂಗ್ ಈ ಲಕೋಟೆಯಲ್ಲಿವೆ. ಇನ್ನೂ ಬಿಗಿಯಾದ ಸ್ಪ್ರಿಂಗ್ ಇದ್ದರೆ ಕಳಿಸುತ್ತೀರಾ?

ಮಂಗಲ

*

ಸತ್ತಿ
30 ಸೆಪ್ಟೆಂಬರ್ 1995

ಮಂಗಲಾ,

ಹಳೆಯ ಸ್ಪ್ರಿಂಗ್ ತಲುಪಿದವು. ನೋಡಿದೆ.

ಬೇರೆಯವನ್ನು ಕಳಿಸಿದ್ದೇನೆ. ಹಾಕಿ ನೋಡು. ಹೊಳೆಯಲ್ಲಿ ನೀರು ಇಳಿಯುತ್ತಿದೆ. ಸೋನಾಬಾಯಿ ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ಆಬಾಸಾಹೇಬ

*

ಚಿಕ್ಕೋಡಿ
16 ಜನವರಿ 1996

ಮಾಸ್ತರ,

ಸಂಕ್ರಾಂತಿಯ ಕುಸುರೆಳ್ಳು ಈ ಲಕೋಟೆಯ ಮೂಲೆಯಲ್ಲಿದೆ. ಪೋಸ್ಟಿನವರು ತಿನ್ನದಿದ್ದರೆ ನಿಮಗೆ ಸೇರಲಿ.

ನಮ್ಮ ಆಫೀಸಿಗೆ ಕಂಪ್ಯೂಟರ್ ಬರುತ್ತಿದೆ! ಟೈಪ್ ಮಷಿನ್ ಎರಡನ್ನೂ ಮಾರುತ್ತಾರಂತೆ. ಕೀಬೋರ್ಡನ್ನು ನಾನೇ ಆರಿಸಬೇಕೆಂದು ವಕೀಲರ ಅಪ್ಪಣೆಯಾಗಿದೆ. "ಬೆರಳ ನಿಂದು, ನಾ ಯಾಕ ಆರಸಲಿ?" ಎಂದರು. ಕೊಲ್ಹಾಪುರದ ವ್ಯಾಪಾರಿಯೊಬ್ಬ ಅಂಗೈಯಗಲದ ಹಲಗೆಯೊಂದನ್ನು ಬಿಟ್ಟು ಹೋಗಿದ್ದಾನೆ. ಅದರ ಮೇಲೆ ಐದು ಗುಂಡಿ, ಒಂದೊಂದರ ಕೆಳಗೆ ಒಂದೊಂದು ಜಾತಿಯ ಸ್ವಿಚ್. ನಾನು ಆರಿಸಿದ ಜಾತಿಯದೇ ಕೀಬೋರ್ಡ್ ತರುತ್ತಾನಂತೆ. "ದಾಬೂನ್ ಬಘಾ, ಒತ್ತಿ ನೋಡ್ರಿ" ಎಂದು ಮರಾಠಿ, ಕನ್ನಡ ಎರಡೂ ಭಾಷೆಯಲ್ಲಿ ಉಪಚಾರ ಮಾಡಿದ.

ಒಂದನೆಯದು ಎಲ್ಲಿಯೂ ತಡೆಯದೆ ನೆಟ್ಟಗೆ ಕೆಳಗಿಳಿಯುತ್ತದೆ. ಎರಡನೆಯದಕ್ಕೆ ಅರ್ಧ ದಾರಿಯಲ್ಲಿ ಒಂದು ಸಣ್ಣ ಗಂಟಿದೆ, ಕೌದಿಯ ಕೆಳಗೆ ಹುಣಸೆಬೀಜ ಸಿಕ್ಕ ಹಾಗೆ. ಮೂರನೆಯದಕ್ಕೆ ಅದೇ ಗಂಟು, ಜೊತೆಗೆ ಟಿಕ್ ಎನ್ನುವ ಸದ್ದು. ನಾಲ್ಕನೆಯದರ ಗಂಟು ಮೇಲೆಯೇ ಸಿಗುತ್ತದೆ, ದೊಡ್ಡದು. ಅದನ್ನು ದಾಟಿದೊಡನೆ ಬೆರಳು ತಾನಾಗಿ ಜಾರಿ ಇಳಿಯುತ್ತದೆ, ಸದ್ದಿಲ್ಲ. ಐದನೆಯದು ರಬ್ಬರಿನದು, ಮೆತ್ತಗೆ. ಊಟದ ಬಿಡುವಿನಲ್ಲಿ ಕಣ್ಣು ಮುಚ್ಚಿ ಬಲಗೈಯಿಂದ ನಾಲ್ಕನೆಯದನ್ನು ಒತ್ತುತ್ತಾ ಕೂತರೆ ಎಲ್ಲಿಗೋ ಹೋಗಿಬಿಡುತ್ತೇನೆ.

ಮೂರು ತಿಂಗಳಲ್ಲಿ ಹೊಸದರ ಮೇಲೆ ನನ್ನ ಮೊದಲಿನ ವೇಗ ಬರಬೇಕು. ಬರದಿದ್ದರೆ ಬೆಳಗಾವಿಯಲ್ಲಿ ಕಲಿತವರನ್ನು ಯಾರನ್ನಾದರೂ ಕರೆಸುತ್ತಾರೆ. ವಕೀಲರು ಬಾಯಿಬಿಟ್ಟು ಹೇಳಿಲ್ಲ, ಜ್ಞಾನದೇವ ಹೇಳಿದ. ಆದರೂ ನನಗೊಂದು ಖುಷಿಯಿದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಕಂಪ್ಯೂಟರಿನ ಕಾಗದದ ಮೇಲೆ ಎಲ್ಲ ಅಕ್ಷರವೂ ಒಂದೇ ಕಪ್ಪಂತೆ. ಇನ್ನು ಮಬ್ಬು ಎನ್ನುವ ಮಾತೇ ಇಲ್ಲ. ಇದನ್ನು ಕೇಳಿದ ದಿನ ಅವ್ವನಿಗೆ ಪೇಢೆ ಒಯ್ದೆ.

ಯಾವುದನ್ನು ಆರಿಸಲಿ?

ಮಂಗಲ

*

ಸತ್ತಿ
24 ಜನವರಿ 1996

ಮಂಗಲಾ,

ಕುಸುರೆಳ್ಳಿನ ಜೊತೆ ಚಿಕ್ಕೋಡಿಯ ನಾಲ್ಕು ಇರುವೆಗಳೂ ಬಂದವು. ಎಳ್ಳು ನಾನು ತಿಂದೆ, ಇರುವೆಗಳು ಸತ್ತಿಯಲ್ಲೇ ನೆಲೆಸಿವೆ.

ಒಂದನೆಯದನ್ನು ಆರಿಸಿದರೆ ಆಬಾಸಾಹೇಬನ ವಿದ್ಯಾರ್ಥಿನಿ ಎಂದು ಎಲ್ಲಿಯೂ ಹೇಳಿಕೊಳ್ಳಬೇಡ. ಐದನೆಯದನ್ನು ಆರಿಸಿದರೆ ನನ್ನ ಮುಖ ನೋಡಬೇಡ. ಗಂಟು ಇರಬೇಕು, ಹುಡುಗಿ. ಅಕ್ಷರ ಬಿದ್ದಿತು ಎಂದು ಬೆರಳಿಗೆ ತಿಳಿಯುವುದು ಆ ಗಂಟಿನಲ್ಲೇ. ತಿಳಿದರೆ ಬೆರಳು ಅಲ್ಲಿಂದಲೇ ಎದ್ದು ಮುಂದಿನ ಅಕ್ಷರಕ್ಕೆ ಹೋಗುತ್ತದೆ. ತಿಳಿಯದಿದ್ದರೆ ತಳ ಮುಟ್ಟುವ ತನಕ ಕುಟ್ಟುತ್ತಲೇ ಇರುತ್ತದೆ.

ಹಾಗೆಂದು ಬಲಗೈಯ ಒಂದು ಬೆರಳಿಗೆ ಮರುಳಾಗಿ ಆರಿಸುವುದಲ್ಲ. ಹತ್ತು ಬೆರಳಿಗೂ ಬೇರೆ ಬೇರೆ ಸ್ವಭಾವ. ನಮ್ಮ ಕ್ಲಾಸಿನ ಪದ್ಧತಿಯಂತೆ ಹಲಗೆಯ ಮೇಲೆ ಧೋತರ ಹೊದಿಸು. ನಿಮ್ಮವ್ವನನ್ನು ಎದುರಿಗೆ ಕೂರಿಸಿಕೊಂಡು ಹಲಗೆ ತಿರುಗಿಸಲು ಹೇಳು. ಒಂದೊಂದು ಬೆರಳಿಗೆ ಐದೂ ಗುಂಡಿ ಬರಲಿ. ಒತ್ತಿದ ಕೂಡಲೇ ಅದು ಎಷ್ಟನೆಯದೆಂದು ಹೇಳು, ಯೋಚಿಸಬೇಡ. ಅವ್ವ ಗೀಟು ಹಾಕಿಕೊಳ್ಳಲಿ. ಬಂದದ್ದನ್ನು ಇದ್ದ ಹಾಗೆಯೇ ಬರೆದು ಕಳಿಸು.

ನಿನ್ನ ಪತ್ರ ಓದಿದ ಮೇಲೆ ಬೇವಿನ ಕೆಳಗೆ ಮಲಗಿ ಗಾಳಿಯಲ್ಲೇ ಆ ನಾಲ್ಕನೆಯ ಗುಂಡಿ ಒತ್ತುತ್ತಿದ್ದೆ. ಅರವತ್ತೆಂಟು ವರ್ಷದ ಮುದುಕ ಆಕಾಶವನ್ನು ಟೈಪ್ ಮಾಡುತ್ತಿದ್ದಾನೆಂದು ಸೋನಾಬಾಯಿ ನೆರೆಯವರಿಗೆಲ್ಲ ತೋರಿಸಿದಳು.

ಆಬಾಸಾಹೇಬ

*

ಚಿಕ್ಕೋಡಿ
5 ಫೆಬ್ರವರಿ 1996

ಮಾಸ್ತರ,

ನಿನ್ನೆ ರವಿವಾರ ನೀವು ಹೇಳಿದಂತೆಯೇ ಮಾಡಿದೆವು. ಅವ್ವನಿಗೆ ಆಟವೆಂದರೆ ಆಟ. ಮೊದಲು ಬಲಗೈ. ಐದಕ್ಕೆ ಐದೂ ಸರಿ, ಕಿರುಬೆರಳು ಸಹಿತ. ಆಮೇಲೆ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು. ಅವೂ ಸರಿ. ಅವ್ವ, "ಕಣ್ಣಿಲ್ಲದ ಕಂಡ ಹಿಡಿಯಾಕತ್ತಾಳ ನನ್ನ ಮಗಳ!" ಎಂದು ಹಿಗ್ಗಿದಳು.

ಉಂಗುರಬೆರಳಿಗೆ ನಾಲ್ಕನೆಯದು ಒಂದೇ ಒಂದು ಸಲ, ಅದೂ ಅರ್ಧಂಬರ್ಧ ತಿಳಿಯಿತು. ಕಿರುಬೆರಳಿಗೆ ಐದೂ ಒಂದೇ. ಗಂಟೂ ಇಲ್ಲ, ತಳವೂ ಇಲ್ಲ. ಮೂರನೆಯದನ್ನು ಸದ್ದಿನಿಂದ ಹೇಳಿದೆ, ಅದು ಮೋಸ. ಅವ್ವ ಮೊದಲು ನಕ್ಕಳು. "ಇದು ನಾಕನೇದ್ದು, ಇಷ್ಟ ದೊಡ್ಡ ಗಂಟು ಗೊತ್ತಾಗಲಿಲ್ಲೇನ ಬೇ? ಬೆರಳ ಮಲಗ್ಯಾವೇನ?" ಎಂದಳು. ಮೂರು ಸಲ ಮಾಡಿದೆವು. ಮೂರನೆಯ ಸಲ ಅವಳು ನಗಲಿಲ್ಲ.

ಟೈಪ್ ಮಷಿನ್ನಿನ ಬಿಗಿ ಕೀ ಹೊಡೆದು ಹೊಡೆದು ಆ ಬೆರಳುಗಳು ಜಡ್ಡುಗಟ್ಟಿರಬೇಕು, ಅಲ್ಲವೇ? ಎಡಗಡೆಯ ಆ ಕೆಲವು ಗುಂಡಿಗಳಿಗೆ ಮಾತ್ರ ಇನ್ನೂ ದೊಡ್ಡ ಗಂಟಿನ ಸ್ವಿಚ್ ಹಾಕಿಸಲು ಬರುತ್ತದೆಯೇ? ವ್ಯಾಪಾರಿ ಹದಿನೈದಕ್ಕೆ ಬರುತ್ತಾನೆ. ಬೇಗ ಬರೆಯಿರಿ.

ಮಂಗಲ

*

ಸತ್ತಿ
9 ಫೆಬ್ರವರಿ 1996

ಮಂಗಲಾ,

ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ಮಷಿನ್ನಿನ ಮುಂದೆ ಕೂತೆ, ಆಗಲಿಲ್ಲ.

ಸ್ವಿಚ್ಚಿನ ಮಾತು ಬಿಡು. ನನಗೆ ರಾವಸಾಹೇಬ ಎಂಬ ಅಣ್ಣನಿದ್ದ. ಅಂಗೈಯಲ್ಲಿ ಮುಳ್ಳು ನೆಟ್ಟರೂ ಅವನಿಗೆ ತಿಳಿಯುತ್ತಿರಲಿಲ್ಲ. ಗಟ್ಟಿ ಕೈಯವನು ಎಂದು ಮನೆಯವರೆಲ್ಲ ಹೊಗಳುತ್ತಿದ್ದೆವು. ಅವನಿಗೂ ಮೊದಲು ಹೋದದ್ದು ಈ ಎರಡೇ ಬೆರಳು. ಆಮೇಲೆ ಬೆರಳು ಬಾಗಿದವು. ಆಮೇಲೆ ಅವನ ತಾಟು ಬೇರೆಯಾಯಿತು, ಹಾಸಿಗೆ ದನದ ಕೊಟ್ಟಿಗೆಗೆ ಹೋಯಿತು. ನಮ್ಮ ಕಡೆ ಅದನ್ನು ದೊಡ್ಡ ಬ್ಯಾನಿ ಎನ್ನುತ್ತಾರೆ. ನಾನು ಹೆಸರು ಹಿಡಿದೇ ಬರೆಯುತ್ತೇನೆ, ಕುಷ್ಠ.

ಅದೇ ಎಂದು ಹೇಳಲು ನಾನು ಡಾಕ್ಟರನಲ್ಲ. ತಪ್ಪಾಗಿದ್ದರೆ ನನ್ನ ಮುಖಕ್ಕೆ ಉಗಿ, ಒರೆಸಿಕೊಂಡು ಸಂತೋಷಪಡುತ್ತೇನೆ. ಆದರೆ ಸರ್ಕಾರಿ ದವಾಖಾನೆಗೆ ಹೋಗಿ ತೋರಿಸು. ಎಡಗೈಯಲ್ಲಿ ಎಲ್ಲಾದರೂ ಬಣ್ಣ ಮಾಸಿದ ಮಚ್ಚೆ ಇದೆಯೇ ಎಂದು ನೋಡಿಕೋ. ಅಣ್ಣನ ಕಾಲದಲ್ಲಿ ಮದ್ದಿರಲಿಲ್ಲ. ಈಗ ಇದೆ, ಪುಕ್ಕಟೆ ಕೊಡುತ್ತಾರೆ, ವಾಸಿಯಾಗುತ್ತದೆ. ಆದರೆ ತಡವಾದರೆ ಸತ್ತ ಬೆರಳು ಮತ್ತೆ ಬರುವುದಿಲ್ಲ.

ಇನ್ನೊಂದು ಮಾತು ಹೇಳದೆ ಈ ಪತ್ರ ಮುಗಿಸಲಾರೆ. ಸೆಪ್ಟೆಂಬರಿನಲ್ಲಿ ನೀನು ಕಳಿಸಿದ ಹಳೆಯ ಸ್ಪ್ರಿಂಗುಗಳನ್ನು ಎಳೆದು ನೋಡಿದ್ದೆ. ಎಂಟೂ ಗಟ್ಟಿಯಾಗಿದ್ದವು. ಮಷಿನ್ನಿನದಲ್ಲ ಎಂದು ನನಗೆ ಆಗಲೇ ತಿಳಿಯಿತು. ತಿಳಿದೂ ಬೇರೆ ಎಂಟು ಕಳಿಸಿದೆ. ನಿನ್ನಂಥ ಕೈಗೆ ಹಾಗಾಗಬಾರದು ಎಂಬ ಆಸೆಯಲ್ಲಿ ಕಣ್ಣು ಮುಚ್ಚಿಕೊಂಡೆ. ನಿನ್ನ ದಿನಗಳನ್ನು ನಾನು ಹಾಳು ಮಾಡಿದೆ. ಕ್ಷಮಿಸೆಂದು ಕೇಳಲು ಬಾಯಿಲ್ಲ.

ನಾಳೆಯೇ ಹೋಗು.

ಆಬಾಸಾಹೇಬ

*

ಸತ್ತಿ
11 ಮಾರ್ಚ್ 1996

ಮಂಗಲಾ,

ತಿಂಗಳಾಯಿತು. ಪೋಸ್ಟಿನ ಗುರಪ್ಪ ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಾನೆ. ಬೈದಾದರೂ ನಾಲ್ಕು ಅಕ್ಷರ ಬರೆ.

ಆಬಾಸಾಹೇಬ

*

ಚಿಕ್ಕೋಡಿ
2 ಏಪ್ರಿಲ್ 1996

ಮಾಸ್ತರರಿಗೆ,

ನಿಮ್ಮನ್ನು ಕೇಳಿದ್ದು ಯಾವ ಸ್ವಿಚ್ ಆರಿಸಲಿ ಎಂದು. ಇಂಥ ಹೆಸರನ್ನು ತೆರೆದ ಲಕೋಟೆಯ ಹಾಗೆ ಓಣಿಯ ಪೋಸ್ಟಿಗೆ ಕಳಿಸಿದಿರಲ್ಲ, ಅವ್ವನಿಗೆ ಓದಲು ಬಂದಿದ್ದರೆ? ಆಫೀಸಿನಲ್ಲಿ ಜ್ಞಾನದೇವನ ಕೈಗೆ ಸಿಕ್ಕಿದ್ದರೆ? ನನ್ನ ಕೈಗೆ ಏನೂ ಆಗಿಲ್ಲ. ಇನ್ನು ನನಗೆ ಪತ್ರ ಬರೆಯಬೇಡಿ.

ಮಂಗಲ

*

ಸತ್ತಿ
19 ಏಪ್ರಿಲ್ 1996

ಮಂಗಲಾ,

ಬರೆಯಬೇಡವೆಂದೆ. ಬರೆಯುತ್ತೇನೆ. ಹರಿದು ಒಲೆಗೆ ಹಾಕು.

ಮಧ್ಯಾಹ್ನದ ನಿದ್ದೆಯಲ್ಲಿ ಈಗ ಮೀನು ಬರುವುದಿಲ್ಲ. ಹೊಳೆಯ ಆಚೆ ದಂಡೆಯಲ್ಲಿ ನೀನು ಕೂತಿರುತ್ತೀ, ಮಡಿಲಲ್ಲಿ ಮಷಿನ್ನು. ಬಿಳಿ ಕಾಗದ ಸುತ್ತುತ್ತಲೇ ಇರುತ್ತದೆ. ಕೂಗುತ್ತೇನೆ, ನೀರಿನ ಮೇಲೆ ನನ್ನ ದನಿ ನಿಲ್ಲುವುದಿಲ್ಲ. ಸೋನಾಬಾಯಿ ಎಬ್ಬಿಸಿದರೆ ಈಗ ಸಿಟ್ಟು ಬರುವುದಿಲ್ಲ, ಎಬ್ಬಿಸಲಿ ಎಂದೇ ಕಾಯುತ್ತಿರುತ್ತೇನೆ. ಹತ್ತಿರ ಹತ್ತಿರ ಒಂದು ವರ್ಷ, ಮಂಗಲಾ. ಬೆರಳಿಗೆ ಮದ್ದು ಬೇಕಾಗಿದ್ದಾಗ ನಾನು ಬೆಂಕಿಪೆಟ್ಟಿಗೆಯಲ್ಲಿ ಸ್ಪ್ರಿಂಗ್ ಕಳಿಸಿದೆ.

ನನ್ನ ಮೇಲಿನ ಸಿಟ್ಟು ಇರಲಿ. ದವಾಖಾನೆಗೆ ಮಾತ್ರ ಹೋಗು.

ಆಬಾಸಾಹೇಬ

*

ಚಿಕ್ಕೋಡಿ
29 ಜುಲೈ 1996

ಮಾಸ್ತರ,

ಈ ಪತ್ರವನ್ನು ಕಂಪ್ಯೂಟರಿನಲ್ಲಿ ಮಾಡಿದ್ದೇನೆ. ಬೆಳಕಿಗೆ ಹಿಡಿದರೂ ಏನೂ ಕಾಣಿಸದು. ಆದ್ದರಿಂದ ಎಲ್ಲವನ್ನೂ ಬಾಯಿಬಿಟ್ಟೇ ಹೇಳಬೇಕು.

ಮೇ ತಿಂಗಳಲ್ಲಿ ಹೋದೆ. ಎರಡು ಸಲ ದವಾಖಾನೆಯ ಗೇಟಿನ ತನಕ ಹೋಗಿ ಕಬ್ಬಿನ ಹಾಲು ಕುಡಿದು ವಾಪಸ್ ಬಂದಿದ್ದೆ. ಮೂರನೆಯ ಸಲ ಅವ್ವ ಬೆನ್ನಿಗೆ ಬಂದಳು. ಅವಳಿಗೆ ಆ ರವಿವಾರವೇ ಅನುಮಾನ ಬಂದಿತ್ತಂತೆ. "ನಡಿ ಬೇ, ಕೈ ನಿಂದಾದರೂ ಹಡದಾಕಿ ನಾನು" ಎಂದಳು. ಲೇಡಿ ಡಾಕ್ಟರ್ ಅರಳೆಯ ಎಳೆಯಿಂದ ಕೈಯೆಲ್ಲ ಸವರಿ, ಮೊಣಕೈಯ ಹಿಂದೆ ನಾನು ನೋಡಲಾಗದ ಕಡೆ ಮಚ್ಚೆ ಹುಡುಕಿದರು. ನೀವು ಬರೆದದ್ದೇ. ಮೊದಲ ಮಾತ್ರೆಗಳನ್ನು ತಮ್ಮ ಎದುರಿಗೇ ನುಂಗಿಸಿದರು. ಇದರಿಂದ ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಅವ್ವನಿಗೆ ಎರಡು ಸಲ ಹೇಳಿದರು. ಉಂಗುರಬೆರಳು ಚೇತರಿಸಿಕೊಳ್ಳಬಹುದಂತೆ. ಕಿರುಬೆರಳಿನ ಮಾತು ಕೊಡಲಾರೆ, ಒಂದು ವರ್ಷ ಮೊದಲು ಬರಬೇಕಾಗಿತ್ತು ಎಂದರು.

ವಕೀಲರಿಗೆ ನಾನೇ ಹೇಳಿದೆ. ಕೆಲಸ ಬಿಡಲು ಚೀಟಿಯನ್ನೂ ಬರೆದುಕೊಂಡು ಹೋಗಿದ್ದೆ. ಅದನ್ನು ಓದಿ, ಮಡಚಿ ನನ್ನ ಕೈಗೇ ವಾಪಸ್ ಕೊಟ್ಟರು. ಆಮೇಲೆ, "ಗುಳಿಗಿ ತಪ್ಪಸಬ್ಯಾಡ. ಮತ್ತ ಆ ಗುಂಡಿ ಯಾವುದಂತ ಇನ್ನೂ ಹೇಳಲಿಲ್ಲ ನೀ. ಆ ಕೊಲ್ಹಾಪುರದಾಂವ ದಿನಾ ಫೋನ್ ಮಾಡಿ ಜೀವಾ ತಿನ್ನಾಕತ್ತಾನ" ಎಂದರು. ನಾಲ್ಕನೆಯದು ಎಂದೆ. ಮುಂದಿನ ಕೋಣೆಗೆ ಹೋಗಿ ಅತ್ತುಬಿಟ್ಟೆ. ಈಗ ಎಡಗಡೆಯ ಕೆಲಸವನ್ನೆಲ್ಲ ನಡುಬೆರಳು ಮಾಡುತ್ತದೆ. ಮೊದಲಿನ ವೇಗದ ಮುಕ್ಕಾಲು ಭಾಗ ಬಂದಿದೆ. ದಸರೆಯ ತನಕ ನೋಡೋಣ ಎಂದಿದ್ದಾರೆ ವಕೀಲರು. ಜ್ಞಾನದೇವ ನೀರಿನ ಲೋಟ ಬೇರೆ ಮಾಡಿಕೊಂಡಿದ್ದಾನೆ. ಇರಲಿ.

ಇನ್ನು ನಿಮ್ಮ ಮಾತು. ಒಂದು ವರ್ಷ ನಾನು ಹಾಳು ಮಾಡಿದೆ ಎಂದು ಬರೆದಿರಲ್ಲ, ಅದು ಸುಳ್ಳು. ನಿಮಗೆ ಮೊದಲ ಪತ್ರ ಬರೆಯುವ ಎರಡು ತಿಂಗಳು ಮೊದಲೇ, ಯುಗಾದಿಯ ಮುಂದೆ ರೊಟ್ಟಿ ಮಾಡುವಾಗ ಕಿರುಬೆರಳು ಹಂಚಿಗೆ ಹತ್ತಿತ್ತು. ಚರ್ಮ ಸುಟ್ಟ ವಾಸನೆ ಬಂದ ಮೇಲೆ ನೋಡಿದೆ. ಬೆರಳು ಹಂಚಿನ ಮೇಲೆಯೇ ಇತ್ತು. ನೋವಿರಲಿಲ್ಲ. ಬಟ್ಟೆ ಸುತ್ತಿಕೊಂಡು, ಈಳಿಗೆ ತಾಗಿತು ಎಂದು ಅವ್ವನಿಗೆ ಹೇಳಿದೆ. ಅವತ್ತೇ ನನಗೆ ಗೊತ್ತಾಗಿತ್ತು, ಮಾಸ್ತರ. ನಮ್ಮೂರ ಹಳ್ಳದ ಆಚೆ ಗುಡಿಸಲು ಹಾಕಿಕೊಂಡಿದ್ದ ಕೆಂಚವ್ವನ ಕೈಯನ್ನು ನಾನು ಸಣ್ಣವಳಿದ್ದಾಗಲೇ ನೋಡಿದ್ದೆ.

ಡಾಕ್ಟರ ಹತ್ತಿರ ಹೋಗಿದ್ದರೆ ಹೌದು ಎನ್ನುತ್ತಿದ್ದರು. ತಪ್ಪು ಮಷಿನ್ನಿನದು ಎಂದು ಹೇಳುವವರು ಈ ಸೀಮೆಯಲ್ಲಿ ನೀವೊಬ್ಬರೇ ಇದ್ದಿರಿ. ಅದಕ್ಕೇ ನಿಮಗೆ ಬರೆದೆ. ನಿಮ್ಮ ಸ್ಪ್ರಿಂಗ್ ಬಂದಾಗಲೆಲ್ಲ ಹೊಟ್ಟೆ ತುಂಬ ಉಂಡು ನಿದ್ದೆ ಮಾಡುತ್ತಿದ್ದೆ. ಕಣ್ಣು ಮುಚ್ಚಿಕೊಂಡವಳು ನಾನು, ನಿಮ್ಮ ಕಣ್ಣನ್ನೂ ನಾನೇ ಮುಚ್ಚಿಸಿದೆ. ನನ್ನ ಬೆರಳು ನಿಮ್ಮಿಂದ ಹೋಗಲಿಲ್ಲ. ಉಳಿದ ಒಂಬತ್ತು ನಿಮ್ಮಿಂದ ಉಳಿದವು.

ಮುಂದಿನ ತಿಂಗಳ ಎರಡನೆಯ ರವಿವಾರ ಅಥಣಿಯ ಬಸ್ಸಿಗೆ ಬಂದು ಅಲ್ಲಿಂದ ಸತ್ತಿಗೆ ಬರಬೇಕೆಂದಿದ್ದೇನೆ. ಸೋನಾಬಾಯಿಯವರ ಅಡಿಗೆಮನೆಯಲ್ಲಿ ನನ್ನ ಕೈಯಾರೆ ಚಹಾ ಮಾಡಿ ನಿಮಗೆ ಕೊಡುವ ಆಸೆಯಿದೆ. ಮನೆಯಲ್ಲಿ ಯಾರಿಗಾದರೂ ಸರಿಬರದಿದ್ದರೆ ಸಂಕೋಚವಿಲ್ಲದೆ ಬರೆದುಬಿಡಿ. ಬೇವಿನ ಕೆಳಗೆ ಕೂತು ಮಾತಾಡಿ ಬರುತ್ತೇನೆ, ಬೇಸರ ಮಾಡಿಕೊಳ್ಳುವುದಿಲ್ಲ.

ನಿಮ್ಮ
ಮಂಗಲ

*

ಸತ್ತಿ
3 ಆಗಸ್ಟ್ 1996

ಮಂಗಲಾ,

ನಿನ್ನ ಪತ್ರವನ್ನು ಸೋನಾಬಾಯಿಗೆ ಒಂದಕ್ಷರ ಬಿಡದೆ ಓದಿ ಹೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಚಾಪುಡಿ ತೀರೇತಿ, ಬರುವಾಗ ಅಥಣ್ಯಾಗ ಪಾವ ಕಿಲೋ ತಗೊಂಡ ಬಾ ಅಂತ ಬರಿ" ಎಂದಳು.

ನನ್ನ ಕಪ್ಪಿಗೆ ಸಕ್ಕರೆ ಎರಡು ಚಮಚೆ.

ಆಬಾಸಾಹೇಬ